ಬಸ್ಸು ಹತ್ತಿದ ಸೈಕಲ್ಲು

ಆಲ್ದೂರು ಪೇಟೆಯಲ್ಲಿ ನಾಗಶ್ರೀಯದೊಂದು ಸಣ್ಣ ಟೈಲರ್ ಅಂಗಡಿ. ಮನೆ ಇರುವುದು ಬಾಳೆಹೊನ್ನೂರು ರಸ್ತೆಯಲ್ಲಿ, ಒಂದು ದೊಡ್ಡ ಏರಿನಾಚೆ. ಮಗಳು ಕೃತಿಕಾ ಹೈಸ್ಕೂಲು ಮುಗಿಸಿ, ಚಿಕ್ಕಮಗಳೂರಿನಲ್ಲಿ ಅಜ್ಜಿಯ ಮನೆಯಿಂದ ಕಾಲೇಜಿಗೆ ಹೋಗತೊಡಗಿದ ಮೇಲೆ, ಸರ್ಕಾರ ಅವಳಿಗೆ ಕೊಟ್ಟಿದ್ದ ಸೈಕಲ್ಲು ಜಗಲಿಯಲ್ಲಿ ಧೂಳು ತಿನ್ನುತ್ತಿತ್ತು. ಒಂದು ಬೆಳಿಗ್ಗೆ ಬಸ್ಸು ಕಣ್ಣೆದುರೇ ತಪ್ಪಿಹೋದಾಗ ನಾಗಶ್ರೀ ಸಿಟ್ಟಿನಿಂದ ಆ ಸೈಕಲ್ಲು ಹತ್ತಿದಳು. ಅಂದಿನಿಂದ ಅದೇ ಅವಳ ವಾಹನವಾಯಿತು. ಏರಿನಲ್ಲಿ ತಳ್ಳುವುದು, ಇಳಿಜಾರಿನಲ್ಲಿ ಗಾಳಿಗೆ ಮುಖವೊಡ್ಡುವುದು. ನಲವತ್ತರ ಹತ್ತಿರದ ಹೆಂಗಸು ಸೈಕಲ್ ತುಳಿಯುವುದನ್ನು ಕಂಡು ಮೊದಮೊದಲು ಕಿಸಕ್ಕೆಂದವರೂ ಈಗ ದಾರಿ ಬಿಡುತ್ತಿದ್ದರು.

ಅದು ಹಲಸು ಹಣ್ಣಾಗುವ ಕಾಲ, ಮದುವೆಗಳ ಕಾಲವೂ ಹೌದು. ಗಿರಿಜಾಂಬಾ ಅವರ ಮಗಳ ಮದುವೆಗೆ ಹೊಲಿದ ರವಿಕೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಕ್ಯಾರಿಯರಿಗೆ ಬಿಗಿದು ನಾಗಶ್ರೀ ಮನೆಯಿಂದ ಅಂಗಡಿಗೆ ಹೊರಟಿದ್ದಳು. ಮದುವೆ ಮಾರನೆಯ ದಿನವೇ ಇತ್ತು. ಏರು ಮುಗಿಯುವಷ್ಟರಲ್ಲಿ ಎದುರಿನಿಂದ ಬಂದ ಪಿಕಪ್ಪೊಂದು ಗಕ್ಕನೆ ನಿಂತಿತು.

"ಅಕ್ಕಾ, ಮುಂದೆ ಹೋಗ್ಬೇಡಿ. ತಿರುವಲ್ಲಿ ಆನೆ ನಿಂತಿದೆ," ಎಂದ ಚಾಲಕ. "ನಾನು ಹೆಂಗೋ ನುಗ್ಗಿಸ್ಕೊಂಡು ಬಂದೆ. ಸೈಕಲ್ಲಲ್ಲಿ ಆಗಲ್ಲ."

ನಾಗಶ್ರೀ ಸೈಕಲ್ಲು ನಿಲ್ಲಿಸಿದಳು. "ನೀವು ಹೋಗಿ. ನಾನು ವಾಪಸ್ ತಿರುಗ್ತೀನಿ," ಎಂದಳು. ಆದರೆ ಅವಳ ಕಣ್ಣು ಗಂಟಿನ ಮೇಲಿದ್ದುದನ್ನು ಅವನು ನೋಡಿದನೋ ಏನೋ, ಇಂಜಿನ್ ಆರಿಸಿ ಕೆಳಗಿಳಿದ. "ಬಸ್ ಬರೋ ಹೊತ್ತಾಯ್ತು. ಅಲ್ಲೀತಂಕ ಇರ್ತೀನಿ. ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋದ್ರೆ ನನಗೆ ಊಟ ಸೇರಲ್ಲ."

ಬಸ್ಸು ಬಂದಾಗ ಅವನೇ ರಸ್ತೆಯ ಮಧ್ಯೆ ನಿಂತು ಕೈ ಅಡ್ಡ ಹಾಕಿದ. ಬಸ್ಸು ತುಂಬಿತ್ತು. "ಬೇಗ ಹತ್ತಿ ಅಮ್ಮ," ಎಂದ ಕಂಡಕ್ಟರು, ಸೈಕಲ್ಲನ್ನು ನೋಡಿ ತಲೆ ಕೆರೆದುಕೊಂಡ. "ಇದನ್ನ ಎಂತ ಮಾಡೋದು?"

ಒಳಗಿನಿಂದ ಯಾವುದೋ ಗಂಡಸಿನ ದನಿ ಕೇಳಿತು: "ಹತ್ಸು ಮಾರಾಯ, ಅದಕ್ಕೂ ಒಂದು ಟಿಕೆಟ್ ಹರಿ!"

ಬಸ್ಸೆಲ್ಲ ನಕ್ಕಿತು. ನಗು ನಿಲ್ಲುವಷ್ಟರಲ್ಲಿ ಸೈಕಲ್ಲಿಗೆ ಆರೇಳು ಕೈ ಬಿದ್ದಿದ್ದವು. ಗಂಟು ತಲೆಗಳ ಮೇಲೆ ಕೈಯಿಂದ ಕೈಗೆ ದಾಟುತ್ತ ಮುಂದೆ ಡ್ರೈವರ್ ಪಕ್ಕಕ್ಕೆ ಹೋಯಿತು. ಸೈಕಲ್ಲು ಹಿಂದಿನ ಬಾಗಿಲಿನಿಂದ ಒಳಬಂದು ಸೀಟುಗಳ ನಡುವೆ ಓರೆಯಾಗಿ ನಿಂತಿತು. ಮುಂದಿನ ಚಕ್ರಕ್ಕೆ ಮಾತ್ರ ಜಾಗವಿರಲಿಲ್ಲ. ಸೀಟಿನ ತುದಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಅದನ್ನೆಳೆದು ತಮ್ಮ ಮಡಿಲಿಗೆ ಇಟ್ಟುಕೊಂಡರು.

"ಅಯ್ಯೋ, ಸೀರೆ ಮಣ್ಣಾಗುತ್ತೆ ಅಜ್ಜಿ!"

"ಒಗೆದ್ರೆ ಹೋಗುತ್ತೆ ಬಿಡು. ಮೊಮ್ಮಕ್ಕಳನ್ನ ಎತ್ಕೊಂಡು ಬೇಕಾದಷ್ಟು ಸೀರೆ ಒದ್ದೆ ಮಾಡ್ಕೊಂಡಿದೀನಿ. ಇದು ಅಷ್ಟಾದ್ರೂ ಮಾಡಲ್ವಲ್ಲ." ಅಜ್ಜಿಯ ಹೆಸರು ಶಿವಗಂಗಮ್ಮ, ಕಣ್ಣು ತೋರಿಸಲು ಚಿಕ್ಕಮಗಳೂರಿಗೆ ಹೊರಟಿದ್ದರಂತೆ.

ತಿರುವು ಬಂತು. ಡ್ರೈವರು ಬಸ್ಸನ್ನು ನಿಧಾನ ಮಾಡಿದ. ರಸ್ತೆಯಂಚಿನ ಕಾಫಿ ಗಿಡಗಳ ನಡುವೆ ಆನೆ ಮರಕ್ಕೆ ಹಣೆಯೊತ್ತಿ ಹಲಸು ಉದುರಿಸುತ್ತಿತ್ತು. ಬಸ್ಸಿನಲ್ಲಿ ಉಸಿರಿನ ಸದ್ದೂ ಇಲ್ಲ. ಗುಂಡಿಗೆ ಬಸ್ಸಿನ ಚಕ್ರ ಬಿದ್ದರೆ ಸೈಕಲ್ಲಿನ ಬೆಲ್ಲು ಎಲ್ಲಿ ಟಿಣ್ ಅನ್ನುವುದೋ ಎಂದು ಯಾರೋ ಒಬ್ಬ ಹುಡುಗಿ ಅದನ್ನು ಅಂಗೈಯಿಂದ ಮುಚ್ಚಿ ಹಿಡಿದಳು. ಆನೆ ಒಮ್ಮೆ ಕಿವಿ ಬೀಸಿತು, ಬಸ್ಸನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮತ್ತೆ ಹಣ್ಣಿನತ್ತ ತಿರುಗಿತು. ತಿರುವು ದಾಟಿದ ಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು.

ಆ ಗದ್ದಲದಲ್ಲೇ ಆಲ್ದೂರು ಬಂತು. ನಾಲ್ಕು ಜನ ಸೇರಿ ಸೈಕಲ್ಲನ್ನು ಇಳಿಸಿಕೊಟ್ಟರು, ಬಸ್ಸು ಹೋಯಿತು. ಅಂಗಡಿಯ ಬಾಗಿಲು ತೆಗೆದು ಕ್ಯಾರಿಯರ್ ಮುಟ್ಟಿದಾಗಲೇ ನಾಗಶ್ರೀಗೆ ನೆನಪಾದದ್ದು. ಗಂಟು ಡ್ರೈವರ್ ಪಕ್ಕದಲ್ಲೇ ಉಳಿದಿತ್ತು!

ಬಸ್‌ಸ್ಟ್ಯಾಂಡಿಗೆ ಓಡಿ ಹೋಗಿ ಕೇಳಿದಳು. ಕಂಡಕ್ಟರನ ಫೋನ್ ನಂಬರು ಯಾರ ಬಳಿಯೂ ಇರಲಿಲ್ಲ. ವಾಪಸ್ ಬರುವಷ್ಟರಲ್ಲಿ ಗಿರಿಜಾಂಬಾ ಬಂದು ಬೆಂಚಿನ ಮೇಲೆ ಕೂತಿದ್ದರು. ನಾಗಶ್ರೀ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ತಾಯಿ ಬೆಂಚಿನಲ್ಲಿ ಜಾಗ ಮಾಡಿ, "ಬಸ್ಸಲ್ಲಿ ತಾನೆ ಇರೋದು? ಆನೆ ಹೊಟ್ಟೇಲಿ ಅಲ್ವಲ್ಲ. ಕೂತ್ಕೊ, ನೀರು ಕುಡಿ," ಎಂದರು. ಅವರ ಮುಖವೂ ಸಪ್ಪಗಾಗಿತ್ತು.

ಇಬ್ಬರೂ ಹಾಗೇ ಕೂತಿದ್ದಾಗ ಬೀದಿಯಲ್ಲಿ ಜೋರಾಗಿ ಹಾರ್ನ್ ಕೇಳಿಸಿತು. ಚಿಕ್ಕಮಗಳೂರಿನಿಂದ ಬಂದ ಬಸ್ಸೊಂದು ನಡುರಸ್ತೆಯಲ್ಲಿ ನಿಂತಿತ್ತು. ಬೇರೆ ಬಸ್ಸು, ಬೇರೆ ಕಂಡಕ್ಟರು. ಅವನು ಫುಟ್‌ಬೋರ್ಡಿನಲ್ಲಿ ನಿಂತು ಕೂಗುತ್ತಿದ್ದ: "ಸೈಕಲ್ಲಮ್ಮ ಯಾರ್ರೀ? ಇಲ್ಲಿ ಸೈಕಲ್ಲಮ್ಮ ಅಂತ ಯಾರಿದ್ದಾರೆ?"

ನಾಗಶ್ರೀ ಬರಿಗಾಲಲ್ಲೇ ಓಡಿದಳು. ಕಂಡಕ್ಟರು ಗಂಟನ್ನು ಅವಳ ಕೈಗಿಟ್ಟ. "ನೀವೇನಾ? ದಾರೀಲಿ ಒಬ್ರು ಅಜ್ಜಿ ಎರಡೂ ಬಸ್ ನಿಲ್ಸಿದ್ರು ಕಣಮ್ಮ. ಕಿಟಕಿಯಿಂದ ಕಿಟಕಿಗೆ ದಾಟ್ಸಿ, ನಿಮ್ಮ ಕೈಗೇ ಕೊಡ್ಬೇಕು ಅಂತ ಆಣೆ ಹಾಕ್ಸಿದಾರೆ." ಧನ್ಯವಾದ ಹೇಳುವ ಮೊದಲೇ ಶಿಳ್ಳೆ ಹಾಕಿದ, ಬಸ್ಸು ಹೊರಟಿತು. ಅಂಗಡಿಯ ಬಾಗಿಲಲ್ಲಿ ಗಿರಿಜಾಂಬಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಸೈಕಲ್ಲಮ್ಮ! ನಾಳೆ ಊಟಕ್ಕೆ ಬರ್ಲೇಬೇಕು ನೋಡು."

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ, ಆನೆ ರಸ್ತೆ ಬಿಟ್ಟು ಹಳ್ಳದ ಕಡೆಯ ತೋಟಕ್ಕಿಳಿದಿದೆ ಎಂಬ ಸುದ್ದಿ ಪೇಟೆಗೆ ಬಂತು. ನಾಗಶ್ರೀ ಬಿಸಿಲಿರುವಾಗಲೇ ಹೊರಟಳು. ಏರಿನ ಬುಡದಲ್ಲಿ ಒಬ್ಬ ತರುಣ ಸೈಕಲ್ಲು ತಿರುಗಿಸಿ, ಹಳ್ಳದ ಕಡೆಯ ತೋಟದ ಒಳದಾರಿ ಹಿಡಿಯುತ್ತಿದ್ದ. ಅಸ್ಸಾಮಿನಿಂದ ಎಸ್ಟೇಟ್ ಕೆಲಸಕ್ಕೆ ಬಂದವನಿರಬೇಕು.

"ಏ ತಮ್ಮಾ, ಆ ಕಡೆ ಬೇಡ! ಆನೆ!"

ಅವನಿಗೆ ಅರ್ಥವಾಗಲಿಲ್ಲ. ನಾಗಶ್ರೀ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ನಾಚಿಕೆ ಬಿಟ್ಟು, ಮೂಗಿನ ಮುಂದೆ ತೋಳು ತೂಗಾಡಿಸಿ, ಎರಡು ಹೆಜ್ಜೆ ಭಾರವಾಗಿ ನಡೆದು ತೋರಿಸಿದಳು.

"ಹಾತಿ?" ಅವನ ಕಣ್ಣು ಅಗಲವಾಯಿತು. ಆಮೇಲೆ ಅವಳ ನಟನೆ ನೆನೆದು ನಗು ತಡೆಯಲಾಗಲಿಲ್ಲ, ಅವಳಿಗೂ ಆಗಲಿಲ್ಲ.

ಇಬ್ಬರೂ ಡಾಂಬರು ರಸ್ತೆಯಲ್ಲೇ ಏರಿನ ಮೇಲೆ ಸೈಕಲ್ಲು ತಳ್ಳತೊಡಗಿದರು. ಅರ್ಧಕ್ಕೆ ನಾಗಶ್ರೀ ಏದುಸಿರು ಬಿಟ್ಟಾಗ ಅವನು ಒಂದು ಕೈಯಿಂದ ಅವಳ ಕ್ಯಾರಿಯರನ್ನೂ ತಳ್ಳಿದ. ಅವನು ತನ್ನ ಊರಿನ ಬಗ್ಗೆ ಏನೋ ಹೇಳಿದ, ಅವಳು ರವಿಕೆಯ ಕಥೆ ಹೇಳಿದಳು, ಇಬ್ಬರೂ ತಲೆದೂಗಿದರು. ಏರಿನ ನೆತ್ತಿ ಮುಟ್ಟಿದಾಗ ಕೆಳಗೆ ರಸ್ತೆ ಖಾಲಿಯಾಗಿ, ತಣ್ಣಗೆ ಬಿದ್ದಿತ್ತು. ಇಬ್ಬರೂ ಸೈಕಲ್ಲೇರಿದರು. ಇಳಿಜಾರಿನಲ್ಲಿ ಯಾರೂ ಬ್ರೇಕು ಹಿಡಿಯಲಿಲ್ಲ.