ಎಡ ಹೆಗಲಿನ ಮುಕ್ಕಾಲು ಇಂಚು

ಅಪ್ಪನ ಅಂಗಡಿಯ ಅಳತೆ ಪುಸ್ತಕದಲ್ಲಿ ಊರಿನ ಅರ್ಧ ಜನರ ಎದೆ, ಸೊಂಟ, ತೋಳುಗಳಿವೆ. ಅವರ ಐಬುಗಳು ಮಾತ್ರ ಇಲ್ಲ. ಯಾರ ಬಲಗೈ ಗಿಡ್ಡ, ಯಾರ ಹೊಟ್ಟೆ ಒಂದು ಕಡೆ ವಾಲಿದೆ ಎಂಬುದೆಲ್ಲ ಅಪ್ಪನ ತಲೆಯಲ್ಲಿರುತ್ತದೆ, ಆಮೇಲೆ ಬಟ್ಟೆಯೊಳಗೆ ಮಾಯವಾಗುತ್ತದೆ. ಮೈಯಲ್ಲಿರುವುದು ಟೈಲರ್‌ಗೆ ಗೊತ್ತಿರಬೇಕು, ಕನ್ನಡಿಗೆ ಗೊತ್ತಾಗಬಾರದು ಎನ್ನುತ್ತಾರೆ. ಅಮ್ಮನ ಹತ್ತಿರವೂ ಗಿರಾಕಿಯ ಮೈಯ ಸುದ್ದಿ ಎತ್ತಿದವರಲ್ಲ.

ಅಪ್ಪ ಟೇಪು ಹಿಡಿದು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಡಿಗ್ರಿ ಮುಗಿದ ಮೇಲೂ ಅದು ನನ್ನ ಕೈ ಬಿಟ್ಟಿಲ್ಲ. ಗಿರಾಕಿ ಮೆಟ್ಟಿಲಿಳಿದ ಮೇಲೆ ಅವರ ಹಾಗೆಯೇ ನಡೆದು, ಅವರದೇ ದನಿಯಲ್ಲಿ ಕೆಮ್ಮಿ ತೋರಿಸುವುದೂ ನನ್ನದೇ ಕೆಲಸ. ಅದನ್ನು ಯಾರೂ ವಹಿಸಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನದೇ ನಡಿಗೆ ತೋರಿಸಿದರೆ ಮಾತ್ರ ಗಜಕಡ್ಡಿ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದ.

ಅವನ ಎಡ ಹೆಗಲು ಹುಟ್ಟಿನಿಂದಲೇ ತಗ್ಗು. ಅಪ್ಪ ಅವನ ಪ್ರತಿ ಅಂಗಿಯ ಎಡ ಹೆಗಲಿನೊಳಗೆ ತೆಳ್ಳಗೆ ಹತ್ತಿ ಇಟ್ಟು ಹೊಲಿಯುತ್ತಿದ್ದರು. ಸೈನ್ಯಕ್ಕೆ ಸೇರಲು ಹೋದಾಗ ಅಲ್ಲಿನ ಡಾಕ್ಟರು ಅಂಗಿ ಬಿಚ್ಚಿಸಿ ನೋಡಿ, ಬಂದೂಕು ಇಡುವುದು ಬಲ ಹೆಗಲಿಗೆ ತಾನೇ ಎಂದು ಪಾಸು ಮಾಡಿದರಂತೆ. ಮೊದಲ ರಜೆಗೆ ಬಂದಾಗ ಸಮವಸ್ತ್ರದ ಕೋಟನ್ನೂ ಅಪ್ಪ ಬಿಚ್ಚಿ ಹೊಲಿದರು. ಅದನ್ನು ತೊಟ್ಟು ಅಣ್ಣ ಕನ್ನಡಿಯ ಮುಂದೆ ಸಮ ತೂಗಿದ ತಕ್ಕಡಿಯ ಹಾಗೆ ನಿಂತ. ಮನೆಯಲ್ಲಿರುವುದು ಆವತ್ತಿನ ಫೋಟೋ.

ಹೋದ ವರ್ಷ ಗಡಿಯ ಗುಡ್ಡವೊಂದರಲ್ಲಿ ಅಣ್ಣ ಸತ್ತ. ಸೈನ್ಯದಿಂದ ಬಂದ ಕಾಗದದಲ್ಲಿ ಎಂಟು ಸಾಲುಗಳಿದ್ದವು. ಗಾಯಗೊಂಡ ಮೂವರನ್ನು ಗುಂಡಿನ ಸುರಿಮಳೆಯಲ್ಲಿ ಒಬ್ಬೊಬ್ಬರಾಗಿ ಹೊತ್ತು ಕೆಳಗಿಳಿಸಿದ, ನಾಲ್ಕನೆಯವನಿಗಾಗಿ ಹತ್ತಿದವನು ಇಳಿಯಲಿಲ್ಲ. ಅಮ್ಮ ಅದನ್ನು ಓದಿಸಿಕೊಂಡು, ಮಡಿಸಿ, ಸೀರೆಗಳ ನಡುವೆ ಇಟ್ಟರು.

ಅವನು ಓದಿದ ಶಾಲೆಯ ಬಾಗಿಲಲ್ಲಿ ಕಂಚಿನ ಪ್ರತಿಮೆ ಇಡಬೇಕೆಂದು ಸಮಿತಿಯಾಯಿತು. ಅಧ್ಯಕ್ಷರು ಅದೇ ಶಾಲೆಯ ನಿವೃತ್ತ ಹೆಡ್‌ಮೇಷ್ಟ್ರು. "ಅಂದ್ರೆ ಏನಪ್ಪಾ ಅಂದ್ರೆ" ಎನ್ನದೆ ಅವರು ಉಸಿರಾಡುವುದನ್ನೂ ಯಾರೂ ಕಂಡಿಲ್ಲ. ಶಿಲ್ಪಿ ಒಂದು ಫೋಟೋ, ಒಂದು ಕೋಟು ಕೇಳಿ ಕಳಿಸಿದರು. ಅಪ್ಪ ತಾವೇ ಇಸ್ತ್ರಿ ಮಾಡಿ ಕೊಟ್ಟು ಬಂದರು. ಒಳಗಿನ ಹತ್ತಿಯ ಮಾತು ಎತ್ತಲಿಲ್ಲ. ಅಭ್ಯಾಸ.

ತಿಂಗಳಾದ ಮೇಲೆ ಮಣ್ಣಿನ ಪ್ರತಿಮೆ ನೋಡಲು ಕರೆದರು. ಮಾರನೆಯ ದಿನ ಅಚ್ಚು ತೆಗೆಯುತ್ತಾರೆ, ಆಮೇಲೆ ಏನೂ ತಿದ್ದುವಂತಿಲ್ಲ. ಶಿಲ್ಪಿ ಒದ್ದೆ ಬಟ್ಟೆ ಸರಿಸಿದರು. ಮುಖ ಅಣ್ಣನದೇ, ಅಮ್ಮ ಗಲ್ಲ ಮುಟ್ಟಿದರು. ಅಪ್ಪ ಮಾತ್ರ ಬೆನ್ನಿನ ಕಡೆಗೆ ಹೋದರು. ಟೈಲರುಗಳು ಮನುಷ್ಯನನ್ನು ನೋಡುವುದೇ ಹಿಂದಿನಿಂದ. ಎರಡೂ ಹೆಗಲು ಸಮವಾಗಿದ್ದವು. ಚೆನ್ನಾಗಿದೆ ಎಂದಷ್ಟೇ ಹೇಳಿ ಹೊರಟರು.

ಅಂಗಡಿಗೆ ಬಂದು ಮೆಷಿನ್ನಿನ ಮುಂದೆ ಕೂತರು, ತುಳಿಯಲಿಲ್ಲ.

"ಅದು ನಾನು ಹೊಲಿದ ಕೋಟು ಕಣೆ, ಪುಟ್ಟಿ. ನನ್ ಮಗ ಅಲ್ಲ."

ಹಾಗಾದರೆ ಹೇಳಿಬಿಡಿ ಎಂದೆ. ಬೇರೆಯವರ ಮೈಯ ಐಬನ್ನೇ ಬಾಯಿಬಿಡದವನು ಮಗನದನ್ನು ಊರ ಮುಂದೆ ಹೇಗೆ ಹೇಳಲಿ ಎಂದರು. ಇವತ್ತು ಹೇಳದಿದ್ದರೆ ಆ ಕೋಟೇ ನೂರು ವರ್ಷ ಶಾಲೆಯ ಬಾಗಿಲಲ್ಲಿ ನಿಂತಿರುತ್ತದೆ ಎನ್ನುವುದೂ ಅವರಿಗೆ ಗೊತ್ತಿತ್ತು. ರಾತ್ರಿ ಊಟಕ್ಕೆ ಕೂತಾಗಲೂ ಟೇಪು ಕೊರಳಲ್ಲೇ ಇತ್ತು.

ಬೆಳಗ್ಗೆ, ಅಚ್ಚು ತೆಗೆಯುವ ಮೊದಲು, ಮೇಷ್ಟ್ರು ಮತ್ತೆ ಶಿಲ್ಪಿಯ ಹತ್ತಿರ ಕರೆಸಿದರು. ಅಣ್ಣ ಹೊತ್ತು ತಂದ ಮೂವರಲ್ಲಿ ಒಬ್ಬ ಬಂದಿದ್ದ. ಪ್ರತಿಮೆಯ ಕೆಳಗಿನ ಫಲಕದಲ್ಲಿ ಬರೆಸುವುದನ್ನು ಅವನ ಬಾಯಿಂದಲೇ ಕೇಳಬೇಕಿತ್ತು. ತುಕಡಿಯಲ್ಲಿ ವೈರ್‌ಲೆಸ್ ಅವನ ಕೈಯಲ್ಲಿತ್ತು, ಬಾಯಿಗೂ ಬಿಡುವಿರಲಿಲ್ಲ, ಹಾಗಾಗಿ ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಿದ್ದರೆಂದು ಅಣ್ಣ ಬರೆದಿದ್ದ. ಊರುಗೋಲಿನ ಮೇಲೆ ಬಂದ ರೇಡಿಯೋ ಅಪ್ಪನ ಕಾಲು ಮುಟ್ಟಲು ಬಗ್ಗಿ, ಬಗ್ಗಲಾಗದೆ, ಮೊಣಕಾಲು ಮುಟ್ಟಿದ. ಆಮೇಲೆ ಪ್ರತಿಮೆಯ ಸುತ್ತ ಒಂದು ಸಲ ಬಂದ.

"ಮುಖ ಅವನದೇ," ಎಂದ ಕೊನೆಗೆ. "ಆದ್ರೆ ಹೆಗಲು ಹಿಂಗಿದ್ದಿದ್ರೆ ನಾನು ದಾರೀಲೇ ಜಾರಿ ಬಿದ್ದಿರ್ತಿದ್ದೆ."

ಮೇಷ್ಟ್ರ ಪೆನ್ನು ನಿಂತಿತು. ರೇಡಿಯೋ ಹೇಳಿದ. ಇನ್ನೂರು ಹೆಜ್ಜೆ ಬಯಲು, ಅಡಗಲು ಒಂದು ಪೊದೆಯಿಲ್ಲ. ಇವನ ಕಾಲು ಹೋಗಿತ್ತು. ಅಣ್ಣ ಇವನನ್ನು ಎಡ ಹೆಗಲಿಗೆ ಎತ್ತಿಹಾಕಿಕೊಂಡ. ಮೊದಲನೆಯವನನ್ನೂ ಅದೇ ಹೆಗಲಿಗೆ. ಆ ತಗ್ಗಿನಲ್ಲಿ ಮೈ ಕೂತರೆ ಅಲುಗುತ್ತಿರಲಿಲ್ಲ, ಬಲಗೈ ಖಾಲಿ ಉಳಿಯುತ್ತಿತ್ತು. ದಾರಿಯುದ್ದಕ್ಕೂ ಇವನು ನೋವಿಗೆ ಬಯ್ಯುತ್ತಲೇ ಇದ್ದನಂತೆ.

"ಅದಕ್ಕೆ ಅವನು ಏನಂದ ಗೊತ್ತಾ ಅಪ್ಪಾ? 'ನಮ್ಮಪ್ಪ ಅಲ್ಲಿ ಹತ್ತಿ ಇಡ್ತಾರೆ ಕಣೋ. ನೀನು ಹತ್ತಿಗಿಂತ ಭಾರ, ಮಾತೂ ಜಾಸ್ತಿ.'"

ಅಪ್ಪ ಕೊರಳ ಟೇಪಿನ ಎರಡು ತುದಿಗಳನ್ನು ಹಿಡಿದು ಸಮ ಮಾಡಿದರು. ಆಮೇಲೆ ಶಿಲ್ಪಿಗೆ, ಕೋಟಿನೊಳಗೆ ತಾವು ಹತ್ತಿ ಇಟ್ಟದ್ದನ್ನೂ ಕೊಡುವಾಗ ಹೇಳದೆ ಇದ್ದದ್ದನ್ನೂ ಹೇಳಿದರು. "ತಪ್ಪು ನಿಮ್ದಲ್ಲ. ನನ್ ಮಗನ ಹೆಗಲು ಹೆಂಗಿತ್ತೋ ಹಂಗೇ ಮಾಡಿ."

ಮೇಷ್ಟ್ರು ಒಪ್ಪಲಿಲ್ಲ. ಅಂದ್ರೆ ಏನಪ್ಪಾ ಅಂದ್ರೆ, ನೂರಾರು ಮಕ್ಕಳು ದಿನವೂ ನೋಡುವ ಪ್ರತಿಮೆ, ವೀರನನ್ನು ಸೊಟ್ಟಗೆ ನಿಲ್ಲಿಸಿದರೆ ಶಿಲ್ಪಿಗೆ ಬರಲಿಲ್ಲ ಅಂತಾರೆ, ಇಲ್ಲ ಸಮಿತಿಗೆ ಕಣ್ಣಿರಲಿಲ್ಲ ಅಂತಾರೆ. ಶಿಲ್ಪಿಯ ತೊಡಕು ಬೇರೆಯದು. ತಾವು ಆ ಮನುಷ್ಯನನ್ನೇ ಕಂಡಿಲ್ಲ. ಹೆಗಲೊಂದನ್ನು ಇಳಿಸಿದರೆ ಕತ್ತು, ಬೆನ್ನು, ತಲೆ ಎಲ್ಲವೂ ಬದಲಾಗಬೇಕು, ಯಾವುದನ್ನು ನೋಡಿ ಮಾಡಲಿ ಎಂದರು.

ಅಪ್ಪ ನನ್ನ ಕಡೆ ನೋಡಿದರು. ಅಣ್ಣ ಹೋದ ಮೇಲೆ ಮನೆಯಲ್ಲಿ ಅವನ ಹಾಗೆ ಮಾಡಿ ತೋರಿಸು ಎಂದು ಯಾರೂ ಕೇಳಿರಲಿಲ್ಲ, ನಾನೂ ತೋರಿಸಿರಲಿಲ್ಲ.

"ನಿಂತ್ಕೋ, ಪುಟ್ಟಿ."

ಚಪ್ಪಲಿ ಬಿಟ್ಟು ನಿಂತೆ. ಎಡ ಹೆಗಲು ಬಿಟ್ಟೆ. ಭಾರ ಬಲಗಾಲಿಗೆ, ತಲೆ ಎಡಕ್ಕೆ ಒಂದಿಷ್ಟು, ಯಾರೋ ಹೇಳುವ ಗುಟ್ಟಿಗೆ ಕಿವಿಗೊಟ್ಟ ಹಾಗೆ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ, ಮೇಷ್ಟ್ರ ಎದುರಿಗೆ, ಅಣ್ಣ ಹತ್ತು ವರ್ಷ ನಿಂತದ್ದು ಹಾಗೆ.

"ನೆಟ್ಟಗೆ ನಿಂತ್ಕೊಳೋ," ಎಂದರು ಮೇಷ್ಟ್ರು.

ಹೇಳಿದ ಮೇಲೆ ಅವರಿಗೇ ಗೊತ್ತಾಯಿತು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ರೇಡಿಯೋ ಗೋಡೆಯ ಕಡೆ ತಿರುಗಿದ.

ಶಿಲ್ಪಿ ಮಣ್ಣು ಕೊಯ್ಯುವ ತಂತಿ ಎತ್ತಿಕೊಂಡರು. ಅಪ್ಪ ಹಿಂದೆ ಬಂದು ನನ್ನ ಕತ್ತಿನ ಬುಡದಿಂದ ಟೇಪು ಇಳಿಬಿಟ್ಟರು, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ನನ್ನ ಹೆಗಲನ್ನು ಬೆರಳಿನಿಂದ ಇನ್ನೂ ಸ್ವಲ್ಪ ಕೆಳಗೆ ಒತ್ತಿದರು.

"ಬರ್ಕೋ," ಎಂದರು ಅಭ್ಯಾಸದಂತೆ. ನನ್ನ ಕೈ ಅಣ್ಣನ ಕೈಯಾಗಿ ಇಳಿಬಿದ್ದಿತ್ತು. ಮೇಷ್ಟ್ರು ಫಲಕದ ಕರಡನ್ನು ಬೋರಲು ಮಾಡಿ ಪೆನ್ನು ಹಿಡಿದರು.

"ಹೇಳಿ ಟೈಲರ್ರೇ."

"ಎಡ ಹೆಗಲು. ಮುಕ್ಕಾಲು ಇಂಚು ಕೆಳಗೆ."

ಮೇಷ್ಟ್ರು ಬರೆದು, ಸರಿಯೋ ಎಂದು ಓದಿ ಹೇಳಿದರು. ಶಿಲ್ಪಿ ತಂತಿಯಿಂದ ಮಣ್ಣು ಕೊಯ್ಯುತ್ತ ಹೋದರು, ಅಪ್ಪ ಪಕ್ಕದಲ್ಲಿ ನಿಂತು ಇನ್ನೊಂದೆಳೆ, ಇನ್ನೊಂದೆಳೆ ಎನ್ನುತ್ತ ಟೇಪು ಇಟ್ಟು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಸಾಕು ಎಂದರು. ಅಲ್ಲಿಯವರೆಗೂ ನಾನು ಹಾಗೆಯೇ ನಿಂತಿದ್ದೆ. ನೆಟ್ಟಗೆ ನಿಲ್ಲು ಎಂದು ಮತ್ತೆ ಯಾರೂ ಹೇಳಲಿಲ್ಲ.