ಹನ್ನೆರಡನೇ ಗಾಡಿಯ ಹಿಂಬಾಗಿಲು

“ಹೈಸ್ಕೂಲಿನ ಗೇಟು ಎರಡು ತಿಂಗಳು ನೋಡಿ ಓಡಿಬಂದವನು ನನಗೆ ಬಾಗಿಲ ಪಾಠ ಹೇಳ್ತಾನೆ, ನೋಡ್ರಪ್ಪಾ!”

ಬೆಳಗಿನ ಹಾಜರಿಗೆ ಸಾಲಾಗಿ ನಿಂತಿದ್ದ ಒಂಬತ್ತು ಜನರ ಮುಂದೆ ರೈಲು ಶೆಡ್ಡಿನ ಮುಖ್ಯಸ್ಥ ನಿಶಿಗೋರಿ ನನ್ನ ತಪಾಸಣೆ ಪುಸ್ತಕವನ್ನು ಎತ್ತಿ ಅಲ್ಲಾಡಿಸಿದ. “ಏನೋ ಇದು ಕುವಾಹಾತ, ಕೋಳಿ ಕೆರೆದ ಹಾಗೆ? ಬರೆಯೋಕೆ ಬರಲ್ಲ, ಬಾಯಿ ಮಾತ್ರ ಊರಗಲ.”

ಎಲ್ಲರೂ ನಕ್ಕರು. ಡ್ರೈವರ್ ಮುಕಾಸ-ಸಾನ್ ಒಬ್ಬರು ನಗಲಿಲ್ಲ, ತಲೆ ತಗ್ಗಿಸಿ ಬೂಟು ನೋಡಿಕೊಂಡರು.

ಹನ್ನೊಂದು ದಿನದಿಂದ ನಾನು ಆ ಪುಸ್ತಕದಲ್ಲಿ ಬರೆಯುತ್ತಿದ್ದದ್ದು ಒಂದೇ ಮಾತು: ಹನ್ನೆರಡನೇ ಗಾಡಿಯ ಹಿಂಬಾಗಿಲು ಹಿಡಿಯುವುದಿಲ್ಲ, ಓಡುವಾಗ ತೆರೆದುಕೊಳ್ಳುತ್ತದೆ. ಮೊದಲ ಸಲ ಅದು ತೆರೆದುಕೊಂಡಾಗ ಅದಕ್ಕೆ ಒರಗಿ ನಿಂತಿದ್ದವಳು ನನ್ನ ತಂಗಿ ಸಯೋ. ಕೆಳಗೆ ಸೇತುವೆ, ಅದರ ಕೆಳಗೆ ನದಿ. ಮೂಲಂಗಿ ಮಾರಲು ಹೊರಟಿದ್ದ ಅಜ್ಜಿಯೊಬ್ಬಳು ತನ್ನ ಚೀಲ ಬಿಟ್ಟು ಇವಳ ಬ್ಯಾಗಿನ ಪಟ್ಟಿ ಹಿಡಿದಳು. ಮೂಲಂಗಿ ನದಿಗೆ ಹೋಯಿತು. ತಂಗಿ ಉಳಿದಳು.

ಕಂಪನಿ ಮಾಡಿದ ರಿಪೇರಿ ಏನು? ಬಾಗಿಲಿಗೆ ಒಂದು ನೈಲಾನ್ ಹಗ್ಗ. ಮೇಲೊಂದು ಚೀಟಿ. ಆ ಚೀಟಿಯಲ್ಲಿ ಕಣ್ಣು ಮೂಗು ಬರೆದ ಮುದ್ದು ಹಬೆ ಎಂಜಿನ್ನು ಸೊಂಟ ಬಗ್ಗಿಸಿ ನಮ್ಮ ಕ್ಷಮೆ ಕೇಳುತ್ತಿದೆ!

ಶೆಡ್ಡಿನಲ್ಲಿ ಐದು ಜನ ಮೆಕ್ಯಾನಿಕ್‌ಗಳಿದ್ದೇವೆ. ಐವರೂ ಏಪ್ರಿಲ್‌ನಿಂದ ಪ್ರವಾಸಿಗರಿಗಾಗಿ ಓಡಿಸುವ ಮುದಿ ಕರಿ ಹಬೆ ಎಂಜಿನ್ನಿನ ಹಿತ್ತಾಳೆ ತಿಕ್ಕುತ್ತಿದ್ದೇವೆ. ಹದಿನಾಲ್ಕನೆಯದೂ ಹನ್ನೆರಡರಂತೆ ಡೀಸೆಲ್ಲಿನಲ್ಲಿ ತಾನೇ ಓಡುವ ಒಂಟಿ ಗಾಡಿ; ಅದಕ್ಕೆ ಒಳ್ಳೆಯ ಬಾಗಿಲಿದೆ, ಅದೇ ಅಳತೆ, ಅದೇ ಬೋಲ್ಟು. ಬದಲಿಸಲು ಅರ್ಧ ದಿನ ಸಾಕು. ಆದರೆ ಹದಿನಾಲ್ಕಕ್ಕೆ ಹಳೇಕಾಲದ ಬಣ್ಣ ಬಳಿದು, ರಜಾದಿನ ಹಬೆ ಗಾಡಿಯ ಬಾಲಕ್ಕೆ ಕಟ್ಟಿ, ಟೋಕಿಯೊದಿಂದ ಬಂದವರನ್ನು ಕೂರಿಸಿ ಹಾವುಮೀನಿನ ಊಟದ ಡಬ್ಬಿ ಕೊಡುತ್ತಾರೆ. ಅದನ್ನು ಮುಟ್ಟುವಂತಿಲ್ಲ. ವರ್ಷವಿಡೀ ಪಾಸು ಹಿಡಿದು ಓಡಾಡುವವರಿಗೆ ಹಗ್ಗವೇ ಗತಿ.

“ಆ ಗಂಟಲಿಗಾದ್ರೂ ಕೆಲಸ ಕೊಡೋಣ,” ಎಂದ ನಿಶಿಗೋರಿ. “ಇವತ್ತು ಅತಿಥಿಗಳ ಮುಂದೆ ತಪಾಸಣೆ ಕೂಗು. ಬಿಳಿ ಕೈಗವಸು ಹಾಕ್ಕೊ, ಉಗುರಿನ ಕೊಳೆ ಕಾಣ್ಬಾರ್ದು.”

ನಮ್ಮಲ್ಲಿ ಗಾಡಿ ಹೊರಡುವ ಮುನ್ನ ಒಂದೊಂದನ್ನೂ ಬೆರಳಿಟ್ಟು ತೋರಿಸಿ, ಗಂಟಲೆತ್ತಿ ಕೂಗಬೇಕು. ಬ್ರೇಕು, ಸರಿ! ದೀಪ, ಸರಿ! ತಪಾಸಣೆಯವನು ‘ಕೆಟ್ಟಿದೆ’ ಎಂದು ಕೂಗಿದರೆ ಡ್ರೈವರ್ ಆ ಗಾಡಿ ಎಬ್ಬಿಸುವಂತಿಲ್ಲ. ಅದಕ್ಕೇ ಹನ್ನೆರಡರ ಕೂಗನ್ನು ನನಗೆ ಬಿಡದೆ ನಿಶಿಗೋರಿ ತಾನೇ ಬೆಳಗ್ಗೆ ಶೆಡ್ಡಿನೊಳಗೆ, ಯಾರೂ ಇಲ್ಲದಾಗ, ‘ಬಾಗಿಲು, ಸರಿ’ ಎಂದು ಗೊಣಗಿ ಮುಗಿಸುತ್ತಿದ್ದ.

ಹತ್ತು ಗಂಟೆಗೆ ಪ್ಲಾಟ್‌ಫಾರ್ಮಿನ ತುಂಬ ಜನ. ಒಂದು ಮಗ್ಗುಲಿಗೆ ಹಬೆ ಗಾಡಿ, ಇನ್ನೊಂದು ಮಗ್ಗುಲಿಗೆ ಹನ್ನೆರಡು. ನಾನು ಕರಿ ಎಂಜಿನ್ನಿನ ಚಕ್ರಕ್ಕೆ ಬೆರಳಿಟ್ಟು ಕೂಗಿದೆ, ಬ್ರೇಕಿಗೆ ಕೂಗಿದೆ, ಹದಿನಾಲ್ಕರ ಹೊಳೆಯುವ ಬಾಗಿಲಿಗೂ ಕೂಗಿದೆ. ಒಂದೊಂದು ‘ಸರಿ’ಗೂ ಮೊಬೈಲುಗಳು ಮೇಲೇಳುತ್ತಿದ್ದವು.

ತಿರುಗಿದೆ. ಎದುರಿಗೇ ಹನ್ನೆರಡು. ವಾಲಿಬಾಲ್ ಅಭ್ಯಾಸಕ್ಕೆ ಹೊರಟ ಹುಡುಗಿಯರು ಕಿಕ್ಕಿರಿದು ನಿಂತಿದ್ದರು. ಸಯೋಳ ಭುಜ ಆ ಹಗ್ಗಕ್ಕೆ ತಾಗಿಕೊಂಡೇ ಇತ್ತು.

ಬೆರಳು ಚಾಚಿದೆ. “ಹನ್ನೆರಡು, ಹಿಂಬಾಗಿಲು, ಕೆಟ್ಟಿದೆ!”

ಜನ ಚಪ್ಪಾಳೆ ಹೊಡೆದರು.

“ಅಯ್ಯೋ, ಇನ್ನೊಂದ್ಸಲ!” ಎಂದಳು ಟೋಪಿಯ ಹೆಂಗಸೊಬ್ಬಳು. “ನಾನು ವೀಡಿಯೊ ಆನ್ ಮಾಡಿರ್ಲಿಲ್ಲ!”

ಮೈಯೆಲ್ಲ ಉರಿಯಿತು. ಅವಳ ಮೊಬೈಲಿಗೆ, ಅವಳ ಊಟದ ಡಬ್ಬಿಗೆ, ಊರಿಗೆ ಊರೇ ಕೇಳುವ ಹಾಗೆ ಇನ್ನೊಮ್ಮೆ ಕೂಗಿದೆ. “ಹಿಂಬಾಗಿಲು, ಕೆಟ್ಟಿದೆ!”

ಮುಕಾಸ-ಸಾನ್ ಹನ್ನೆರಡರ ಬ್ರೇಕಿನ ಹಿಡಿಯನ್ನು ಕಳಚಿ, ಬಟ್ಟೆಯಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದರು. ಹಿಡಿ ಇಲ್ಲದೆ ಗಾಡಿ ಅಲುಗುವುದಿಲ್ಲ. ಓಡಿ ಬಂದ ನಿಶಿಗೋರಿಗೆ ಅವರು ಹೇಳಿದ್ದು ಇಷ್ಟೇ: “ನನಗೆ ವಯಸ್ಸಾಗಿದೆ ಸಾಹೇಬ್ರೇ, ಕಿವುಡು ಬಂದಿಲ್ಲ. ಹದಿನಾಲ್ಕು ಬಿಚ್ಚಿ ಕೊಡಿ, ಈ ಮಕ್ಕಳನ್ನ ಅದರಲ್ಲಿ ಕರ್ಕೊಂಡು ಹೋಗ್ತೀನಿ.”

“ಅಣ್ಣಾ, ಬೇಡ!” ಕಿಟಕಿಯಿಂದ ಸಯೋ. “ನಾನು ಮುಂದೆ ಹೋಗಿ ನಿಂತ್ಕೊಳ್ತೀನಿ. ಕೆಲಸ ಕಳ್ಕೋಬೇಡ.”

ಮುಂದೆ ಹೋಗಿ ನಿಲ್ಲುತ್ತಾಳಂತೆ. ಹಿಂದೆ ಇನ್ನೊಬ್ಬರ ತಂಗಿ ನಿಲ್ಲಲಿ, ಅಲ್ಲವೇ?

ನಿಶಿಗೋರಿ ಅತಿಥಿಗಳಿಗೆ ನಗು ತೋರಿಸುತ್ತ, ಹಲ್ಲಿನ ಸಂದಿಯಿಂದ ನನಗೆ ಹೇಳಿದ: “ತಮಾಷೆ ಅಂತ ಹೇಳೋ. ಸೊಂಟ ಬಗ್ಗಿಸು, ಕ್ಷಮೆ ಕೇಳು. ಹದಿನಾಲ್ಕು ಬಿಚ್ಚಿದ್ರೆ ನಲವತ್ತು ಜನರ ಊಟ ಎಲ್ಲಿಡ್ಲಿ, ನಿನ್ನ ತಲೆ ಮೇಲಾ? ಈ ಕೆಲಸ ಹೋದ್ರೆ ನಿನ್ನಂಥ ದಡ್ಡನಿಗೆ ಇನ್ಯಾರೋ ಅನ್ನ ಹಾಕ್ತಾರೆ? ಹೇಳು! ಬಾಯಿ ಇತ್ತಲ್ಲ ಈಗ?”

ಬಾಯಿ ಇತ್ತು. ಬೈಗುಳ ನಾಲಿಗೆಯ ಮೇಲೇ ಇತ್ತು, ಹನ್ನೊಂದು ದಿನದ್ದು.

ಬಿಳಿ ಕೈಗವಸು ಹಾಕಿಕೊಂಡು ಗಾಡಿಯ ಕೊಂಡಿ ಬಿಚ್ಚಲಾಗುವುದಿಲ್ಲ. ಎರಡನ್ನೂ ಕಳಚಿ ಅವನ ಕೋಟಿನ ಜೇಬಿಗೆ ತುರುಕಿದೆ. ಬೆನ್ನು ತಿರುಗಿಸಿ ಹದಿನಾಲ್ಕರ ಕೊಂಡಿಯ ಕಡೆ ನಡೆದೆ.