ಕೆಂಪು ನೂಲು ಕಟ್ಟಿದ ಮಾತು

"ಸಾಲಿ ಬಿಟ್ಟ ಓಡಿ ಬಂದಂವನ್ನ ಟೆಲಿಫೋನ್ ಮುಂದ ಕುಂಡ್ರಿಸಿದೆ ನೋಡ್ರಿ, ನನ್ನ ಕೆರಾ ತಗೊಂಡ ನಾನ ಹೊಡ್ಕೋಬೇಕು!"

ಬನಹಟ್ಟಿಯ ಸೀರೆ ವ್ಯಾಪಾರಿ ಬಸಗೊಂಡಪ್ಪ ಹೀಗೆ ಕೂಗಿದಾಗ ಅಂಗಡಿಯ ತುಂಬ ಜನ. ನೂಲು ಒಯ್ಯಲು ಬಂದ ನೇಕಾರರು, ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಹೆಂಗಸರು, ಮಹಾಲಿಂಗಪುರದ ಇಬ್ಬರು ಗಿರಾಕಿಗಳು. ಯಾರೋ ಕಿಸಕ್ಕನೆ ನಕ್ಕರು. ಹುಲೆಪ್ಪ ರಿಸೀವರ್ ಕೆಳಗಿಟ್ಟು ಎದ್ದು ನಿಂತ.

"ಏನ ಆತ್ರಿ ಸಾವಕಾರ್ರ?"

"ನನ್ನ ಕೇಳ್ತಿ? ಗಲಗಲಿ ಗೌಡರ ಮನಿ ಲಗ್ನದ ಸೀರಿ ಕೆಂಪ ಬ್ಯಾಡ, ಹಸರ ದಡೀದು ಬೇಕಂತ ಮೊನ್ನೆ ಫೋನ್ ಬಂದಿತ್ತಿಲ್ಲ? ಅಲ್ಲಿ ಕಾಶಪ್ಪ ಕೆಂಪ ದಡೀದ ಹಾಸ ಕೂಡಿಸಿ ನೇಯಾಕತ್ತಾನ!"

ಹಾಸು, ಅಂದರೆ ಸೀರೆಯ ಉದ್ದದ ನೂಲು, ಒಮ್ಮೆ ಮಗ್ಗಕ್ಕೆ ಕೂಡಿಸಿದರೆ ಮುಗಿಯಿತು. ಅದು ತೀರುವ ತನಕ ದಡಿಯ ಬಣ್ಣ ಬದಲಾಗದು. ನೇಕಾರರ ಓಣಿಯ ಕೂಸಿಗೂ ಇದು ಗೊತ್ತು.

ಟೆಲಿಫೋನು ಬಂದಾಗಿನಿಂದ ಆ ಅಂಗಡಿಯಲ್ಲಿ ಮಾತಿಗೆ ಮಿತಿಯೇ ಇರಲಿಲ್ಲ. ಸೋಲಾಪುರದ ನೂಲಿನ ದರ, ಜಮಖಂಡಿ ಗಿರಾಕಿಯ ತಕರಾರು, ಬಸ್ ಕಂಡಕ್ಟರನ ಕೈಯಲ್ಲಿ ಬಂದ ಚೀಟಿ, ನಡುವೆ ರಬಕವಿಯ ಬಣ್ಣಗಾರ ಬಾಗಿಲಲ್ಲೇ ನಿಂತು ಒದರಿ ಹೋದದ್ದು. ಎಲ್ಲವೂ ಅರ್ಜೆಂಟೇ. ಸಾವಕಾರರು ಒಂದನ್ನು ಹಿಡಿದರೆ ಮೂರನ್ನು ಬಿಡುತ್ತಿದ್ದರು. ದಾರಿ ಹುಡುಕಿದವನು ಹುಲೆಪ್ಪ. ಬಂದ ಮಾತನ್ನು ತುಂಡು ಕಾಗದಕ್ಕೆ ಇಳಿಸಿ, ಮಗ್ಗದಲ್ಲಿ ಉಳಿದ ನೂಲು ಕಟ್ಟಿ ಮೊಳೆಗೆ ಸಿಗಿಸುವುದು. ಕೆಂಪು ನೂಲಿನದು ಈಗಲೇ ಓಡಬೇಕಾದ ಮಾತು. ಬಿಳಿಯದು ಸಂತೆಯ ದಿನದವರೆಗೆ ಕಾಯಬಹುದಾದದ್ದು. ಎರಡಕ್ಕೂ ಸಲ್ಲದ್ದು ಒಲೆಗೆ. ಬೆಳಿಗ್ಗೆ ಕಸ ಹೊಡೆದು ಮುಗಿಯುವ ತನಕ ಯಾರೂ ಅವನನ್ನು ಮಾತಾಡಿಸಕೂಡದು. ವಿಂಗಡಿಸುವ ಹೊತ್ತು ಅದು. ಅಂಗಡಿಯ ಗದ್ದಲ ಇಳಿಯಿತು, ಮಗ್ಗಗಳು ಸುಮ್ಮನೆ ಕಾಯುವುದು ನಿಂತಿತು.

"ದೀಪಾವಳಿಗೆ ಮುಧೋಳದಾಗ ಹೊಸಾ ಅಂಗಡಿ ತಗೀತೇನಿ. ಅದನ್ನ ನೀನ ನಡಸಬೇಕಲೇ" ಎಂದು ಸಾವಕಾರರೇ ಬೆನ್ನು ಚಪ್ಪರಿಸಿದ್ದರು. ಆ ಒಂದು ಮಾತಿನ ಮೇಲೆ ಹುಲೆಪ್ಪ ಬದುಕುತ್ತಿದ್ದ. ಅವನ ಅವ್ವ ತಾಯವ್ವ ಮುಧೋಳಕ್ಕೆ ಹೋಗಿ ಬಾಡಿಗೆ ಮನೆಯನ್ನೂ ನೋಡಿ ಬಂದಿದ್ದಳು.

ಓಡಾಟಕ್ಕೆ ಆಳು ಬೇಕೆಂದಾಗ ತನ್ನ ಓಣಿಯ ಗೆಳೆಯ ಬಾಳುವನ್ನು ತಂದು ನಿಲ್ಲಿಸಿದವನೂ ಅವನೇ. ಮೊನ್ನೆ ಗಲಗಲಿಯ ಚೀಟಿಗೆ ಕೆಂಪು ನೂಲು ಕಟ್ಟಿ, ಮೊಳೆಗೂ ಸಿಗಿಸದೆ, ಬಾಳುವಿನ ಅಂಗೈಯಲ್ಲೇ ಇಟ್ಟಿದ್ದ. ಸಂಜೆ ಬಾಳು, "ಮುಟ್ಟಿಸಿದೆಪಾ, ಕಾಶಪ್ಪ ಚಾನೂ ಕುಡಿಸಿದ" ಎಂದಿದ್ದ.

"ಬಾಳೂನ ಕೇಳ್ರಿ. ಚೀಟಿ ಒಯ್ದಂವ ಅಂವ" ಎಂದ ಹುಲೆಪ್ಪ.

ನೂಲಿನ ಮೂಟೆಯ ಮೇಲೆ ಕೂತಿದ್ದ ಬಾಳು ನೆಲ ನೋಡಿದ. "ನನಗ ಬಿಳೀ ನೂಲ ಕಟ್ಟಿ ಕೊಟ್ಟಿದ್ದನ್ರಿ. ಸಂತಿ ದಿನ ಒಯ್ಯೂದಂತ ತಿಳದೆ."

"ಲೇ ಬಾಳ್ಯಾ! ಕಾಶಪ್ಪ ಚಾ ಕುಡಿಸಿದ ಅಂದಿಯಲ್ಲಲೇ? ಖರೆ ಹೇಳು!"

"ಯಾವ ಚಾ?" ಎಂದ ಬಾಳು.

ಅವನ ಹಲ್ಲು ಉದುರಿಸಿಬಿಡಬೇಕೆಂದು ಹುಲೆಪ್ಪನ ಕೈ ಬಿಗಿಯಾಯಿತು. ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಹೊಳೆವ್ವ ಬಾಯಿ ಹಾಕಿದಳು. "ಸುಳ್ಳ ಯಾಕ ಹೇಳ್ತಿಯೋ ಬಾಳು? ಕೆಂಪ ನೂಲ ಕಟ್ಟಿದ್ದು ನಾನ ನೋಡೇನಿ."

"ನೀ ಸುಮ್ಮ ಕಂಡಿಕಿ ಸುತ್ತಬೇ!" ಸಾವಕಾರರು ಗದರಿದರು. "ಕೆಂಪರ ಇರಲಿ, ಬಿಳಿಯರ ಇರಲಿ. ಮುಧೋಳಕ್ಕ ಬಾಳು ಹೋಗ್ತಾನ. ನಿನಗಿಂತ ಕಡಿಮಿ ಪಗಾರಕ್ಕ ಒಪ್ಯಾನ. ಹೋದ ವಾರನ ಮಾತ ಕೊಟ್ಟೇನಿ."

ಹೋದ ವಾರ! ಗಲಗಲಿಯಿಂದ ಫೋನು ಬರುವ ಮೊದಲೇ. ತಪ್ಪು ಆದದ್ದಕ್ಕೆ ತನ್ನನ್ನು ತೆಗೆದದ್ದಲ್ಲ; ತೆಗೆಯುವುದಕ್ಕೆ ಒಂದು ತಪ್ಪು ಬೇಕಾಗಿತ್ತು. ದಿನವೂ ತನ್ನ ಬುತ್ತಿಯ ರೊಟ್ಟಿ ಮುರಿದು ತಿಂದ ಬಾಳು ಅದನ್ನು ಒದಗಿಸಿಕೊಟ್ಟಿದ್ದ.

ಅಷ್ಟರಲ್ಲಿ ಟೆಲಿಫೋನು ಬಡಿದುಕೊಂಡಿತು. ಸಾವಕಾರರು ಬಾಳುವಿಗೆ ಕಣ್ಸನ್ನೆ ಮಾಡಿದರು. ಬಾಳು ಹೋಗಿ ಎತ್ತಿಕೊಂಡ. ಬಾಗಿಲಲ್ಲಿ ಬಣ್ಣಗಾರನೂ ಕೂಗತೊಡಗಿದ. ಬಸ್ಸಿನವನೊಬ್ಬ ಚೀಟಿ ಹಿಡಿದು ಒಳಗೆ ಬಂದ. ಬಾಳುವಿನ ಮುಖ ಬೆವರಿತು.

"ಹುಲೆಪ್ಪಾ, ಸೋಲಾಪುರದಾಂವ ಒಂದ ಸಮ ಒದರಾಕತ್ತಾನ. ಇಂವ ನೋಡಿದರ ಬಣ್ಣ ಕೆಡತೈತಿ ಅಂತಾನ. ಮೊದಲ ಯಾವದ ಹಿಡೀಲೋ?"

ಹುಲೆಪ್ಪ ಚಪ್ಪಲಿ ಮೆಟ್ಟಿಕೊಂಡು ಕಟ್ಟೆ ಇಳಿದ.

"ಲೇ, ಹೇಳಿ ಹೋಗಲೇ!" ಬಾಳು ಹಿಂದಿನಿಂದ ಕೂಗಿದ.

ಅವನು ಸಂತೆಯ ಬೀದಿ ಹಿಡಿದು ನಡೆದ.